ಮಳೆ ಹಿಡಿಯೋ ಮೊದಲು ಎಂಟು ಬೆಕ್ಕುಗಳ ವ್ಯವಸ್ಥೆ: ಗೊತ್ತಿದ್ದವರು ಹೇಳಿ

ಕೇಳಿದವರು, ತೀರ್ಥಹಳ್ಳಿ ತಾಲ್ಲೂಕು:
ನಾಲ್ಕು ಮನೆಯ ಕೇರಿ, ಮುಂದೆ ಅಡಿಕೆ ತೋಟ, ಹಿಂದೆ ಕಾಡು. ಕೊಟ್ಟಿಗೆ, ಸೌದೆಮನೆ, ಅಟ್ಟ ಎಲ್ಲ ಸೇರಿ ಎಂಟು ಬೆಕ್ಕು. ಯಾರೂ ಸಾಕಿದ್ದಲ್ಲ. ಎರಡು ಮಾತ್ರ ಕಾಲಿಗೆ ಸುತ್ತುತ್ತವೆ, ಉಳಿದವು ಹತ್ತಿರ ಹೋದರೆ ಮಾಯ. ಐದು ಹೆಣ್ಣು, ಒಂದು ಅಟ್ಟದಲ್ಲಿ ಮರಿ ಹಾಕಿದೆ, ಇನ್ನೊಂದಕ್ಕೆ ಹೊಟ್ಟೆ ಬಂದಿದೆ. ತರಕಾರಿ ಪಾತಿಯೆಲ್ಲ ಕೆದರಿ ಗಲೀಜು. ಪಕ್ಕದ ಮನೆಯವರು ಗೋಣಿಚೀಲಕ್ಕೆ ಹಾಕಿ ಹೊಳೆ ದಾಟಿಸಿ ಬಿಡೋಣ ಅಂತಿದ್ದಾರೆ. ಇಲಿಗೆ ಬೆಕ್ಕು ಬೇಕು, ಎಂಟು ಹದಿನೆಂಟಾಗೋದು ಬೇಡ. ಈಗ ಏಪ್ರಿಲ್ ಕೊನೆ. ಜೂನ್ ಒಳಗೆ ಏನೇನು ಮಾಡಬಹುದು?

ಸಾಗರ:
ಗೋಣಿಚೀಲದ ಯೋಚನೆ ಮೊದಲು ಬಿಡಿಸಿ. ಎಂಟನ್ನೂ ದಾಟಿಸಿದರೂ ನಿಮ್ಮ ಕೊಟ್ಟಿಗೆಯ ಇಲಿ ಅಲ್ಲೇ ಇರುತ್ತೆ, ಹಿಂಡಿ ಚೀಲ ಅಲ್ಲೇ ಇರುತ್ತೆ, ಬೆಚ್ಚಗಿನ ಅಟ್ಟವೂ ಅಲ್ಲೇ. ಜಾಗ ಖಾಲಿಯಾದ ಸುದ್ದಿ ಪಕ್ಕದ ಕೇರಿಯ ಬೆಕ್ಕಿಗೆ ಯಾರೂ ಹೇಳಬೇಕಿಲ್ಲ. ಬಂದು ಸೇರುವವು ಮರಿಯಾಗದ ಹಾಗೆ ಮಾಡುವ ಆಪರೇಷನ್ ಆಗದವು, ಮತ್ತೆ ಒಂದರಿಂದ ಲೆಕ್ಕ ಶುರು. ಇನ್ನೊಂದು, ಪ್ರಾಣಿಯನ್ನು ಹಸಿವು ಬಾಯಾರಿಕೆಗೆ ಸಿಗುವಂಥ ಕಡೆ ಬಿಟ್ಟು ಬರೋದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಅಪರಾಧ.

ಶಿವಮೊಗ್ಗ, ಪಶುವೈದ್ಯಕೀಯ ಕೆಲಸ:
ಆಪರೇಷನ್ ಬಿಟ್ಟರೆ ಬೇರೆ ದಾರಿ ಇಲ್ಲ. ಹೆಣ್ಣು ಬೆಕ್ಕು ನಾಲ್ಕೈದು ತಿಂಗಳಿಗೇ ಬೆದೆಗೆ ಬರುತ್ತೆ. ಗರ್ಭ 63ರಿಂದ 65 ದಿನ. ಮರಿಗೆ ಹಾಲು ಕೊಡುತ್ತಿರುವಾಗಲೇ ಮತ್ತೆ ಗಬ್ಬ ನಿಲ್ಲಬಹುದು, "ಹಾಲು ಬಿಡಿಸಿದ ಮೇಲೆ ನೋಡೋಣ" ಅನ್ನುವವರು ಎಡವೋದು ಇಲ್ಲೇ. ಎಂಟರಲ್ಲಿ ಎರಡು ಮಾಡಿಸಿ ನಿಲ್ಲಿಸಿದರೆ ದುಡ್ಡು ದಂಡ. ಆರಾದರೂ ಒಂದೇ ಸುತ್ತಿನಲ್ಲಿ ಆಗಬೇಕು, ಅದರಲ್ಲಿ ಹೆಣ್ಣು ಒಂದೂ ತಪ್ಪಬಾರದು.

ಮೊದಲು ಡಾಕ್ಟರ ದಿನ ಗೊತ್ತು ಮಾಡಿ, ಆಮೇಲೆ ಹಿಡಿಯಿರಿ. ಹಿಡಿದಾದ ಮೇಲೆ ಫೋನ್ ಮಾಡಿದರೆ ಆ ದಿನ ಅವರು ಕ್ಯಾಂಪಿನಲ್ಲಿರುತ್ತಾರೆ, ಬೆಕ್ಕು ಬೋನಿನಲ್ಲಿ ಎರಡು ದಿನ ಒದ್ದಾಡುತ್ತೆ. ತಾಲ್ಲೂಕು ಆಸ್ಪತ್ರೆಯಲ್ಲಿ ಹೆಣ್ಣಿನ ಆಪರೇಷನ್ ಮಾಡುತ್ತಾರಾ ಅಂತ ಬಿಡಿಸಿ ಕೇಳಿ. ಆಗದಿದ್ದರೆ ಶಿವಮೊಗ್ಗ ವಿನೋಬನಗರದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ವಿಚಾರಿಸಿ. "ಕಾಡು ಸ್ವಭಾವದ್ದು, ಬೋನಿನಲ್ಲೇ ತರ್ತೀವಿ" ಅಂತ ಮೊದಲೇ ಹೇಳಿಡಿ, ಮತ್ತಿನ ಇಂಜೆಕ್ಷನ್ ಬೋನಿನ ಸರಳಿನಿಂದಲೇ ಕೊಡಬೇಕಾಗುತ್ತೆ.

ಖಾಲಿ ಬೋನನ್ನು ಅಡಿಕೆ ತೂಗುವ ಕಾಟಾದಲ್ಲಿ ತೂಗಿ, ತೂಕವನ್ನು ಟೇಪಿನ ಮೇಲೆ ಬರೆದು ಬೋನಿಗೇ ಅಂಟಿಸಿ. ಬೆಕ್ಕು ಬಿದ್ದ ಮೇಲೆ ಇನ್ನೊಮ್ಮೆ ತೂಗಿದರೆ ಅದರ ನಿಜವಾದ ತೂಕ ಸಿಗುತ್ತೆ. ಮತ್ತಿನ ಔಷಧಿ ತೂಕದ ಮೇಲೆ ಹೋಗೋದು. ಕಣ್ಣಂದಾಜಿನಲ್ಲಿ ಅರ್ಧ ಕಿಲೋ ತಪ್ಪಿದರೂ ಮೂರು ಕಿಲೋ ಬೆಕ್ಕಿಗೆ ಅದು ದೊಡ್ಡ ವ್ಯತ್ಯಾಸ.

ಹಿಂದಿನ ರಾತ್ರಿಯಿಂದ ದೊಡ್ಡ ಬೆಕ್ಕಿಗೆ ಊಟ ಬೇಡ, ನೀರು ಇರಲಿ. ನಾಲ್ಕು ತಿಂಗಳೊಳಗಿನ ಮರಿಯನ್ನು ರಾತ್ರಿಯಿಡೀ ಉಪವಾಸ ಕೆಡವಬೇಡಿ, ಸಕ್ಕರೆ ಅಂಶ ಇಳಿದು ಸುಸ್ತಾಗುತ್ತೆ. ಮತ್ತಿನಲ್ಲಿರುವಾಗಲೇ ಎಡಗಿವಿಯ ತುದಿ ಸುಮಾರು ಒಂದು ಸೆಂಟಿಮೀಟರ್ ನೇರ ಕತ್ತರಿಸಲು ಹೇಳಿ. ನೋಡಲು ಸಂಕಟ ಅನ್ನಿಸಬಹುದು. ಆದರೆ ಗುರುತಿಲ್ಲದ ಹೆಣ್ಣನ್ನು ಮುಂದಿನ ವರ್ಷ ಯಾರೋ ಮತ್ತೆ ಹಿಡಿದು ಹೊಟ್ಟೆ ಕೊಯ್ಯಿಸುತ್ತಾರೆ. ಕರಗುವ ಹೊಲಿಗೆಯನ್ನೇ ಹಾಕಲಿ, ಬಿಚ್ಚಲು ಆ ಬೆಕ್ಕು ಇನ್ನೊಮ್ಮೆ ಕೈಗೆ ಸಿಗಲ್ಲ. ರೇಬಿಸ್ ಲಸಿಕೆಯೂ ಆಗಲೇ ಆಗಿಬಿಡಲಿ.

ವಾಪಸ್ ತಂದ ಮೇಲೆ ಗಂಡನ್ನು 24 ಗಂಟೆ, ಹೆಣ್ಣನ್ನು ಕಡಿಮೆ ಅಂದರೂ 48 ಗಂಟೆ ಬೋನಿನಲ್ಲೇ, ಮೇಲೆ ಬಟ್ಟೆ ಮುಚ್ಚಿ, ಮನೆಯೊಳಗೆ ಇಟ್ಟುಕೊಳ್ಳಿ. ಮತ್ತಿನಿಂದ ಮೈ ತಣ್ಣಗಾಗಿರುತ್ತೆ. ಬಿಸಿನೀರಿನ ಬಾಟಲಿಗೆ ಬಟ್ಟೆ ಸುತ್ತಿ ಬೋನಿನ ಹೊರಗೆ ಒತ್ತಿ ಇಡಿ. ಒಲೆಯ ಹತ್ತಿರ ಬೇಡ, ಸರಿದು ಹೋಗುವ ತ್ರಾಣ ಅದಕ್ಕಿರಲ್ಲ. ತಲೆ ಎತ್ತಿ ನೆಟ್ಟಗೆ ಕೂರುವವರೆಗೆ ತಿನ್ನಲು ಏನೂ ಹಾಕಬೇಡಿ. ವಸಡು ಬಿಳಿಚಿಕೊಂಡರೆ, ಹೊಲಿಗೆಯಿಂದ ರಕ್ತ ತೊಟ್ಟಿಕ್ಕುತ್ತಿದ್ದರೆ, ಮಾರನೇ ದಿನವೂ ತಿನ್ನದಿದ್ದರೆ ಕಾಯದೆ ಕರೆದುಕೊಂಡು ಹೋಗಿ. ಗಾಯಕ್ಕೆ ಅರಿಸಿನ, ಕೊಬ್ಬರಿ ಎಣ್ಣೆ ಹಚ್ಚಬೇಡಿ, ಎಣ್ಣೆ ನೆಕ್ಕುತ್ತ ನೆಕ್ಕುತ್ತ ಹೊಲಿಗೆಯನ್ನೇ ಕಿತ್ತುಕೊಳ್ಳುತ್ತೆ. ಗಂಡು ಆಪರೇಷನ್ ಆದ ಮೇಲೂ ಕೆಲವು ವಾರ ಗಬ್ಬ ಕಟ್ಟಿಸಬಲ್ಲದು, "ಆಪರೇಷನ್ ಸರಿ ಆಗಲಿಲ್ಲ" ಅಂತ ಡಾಕ್ಟರ ಮೇಲೆ ಹರಿಹಾಯಬೇಡಿ.

ಕೊಪ್ಪ:
ಹಿಡಿಯೋದೇ ಕಷ್ಟದ ಭಾಗ, ಅದನ್ನ ಹೇಳ್ತೀನಿ. ಬೋನು ಎರಡೂವರೆಯಿಂದ ಮೂರು ಅಡಿ ಉದ್ದ, ಅಡಿ ಅಗಲ, ಅಡಿ ಎತ್ತರ. ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸೋದಾದರೆ ಜಾಲರಿಯ ಕಣ್ಣು ಒಂದಿಂಚಿಗಿಂತ ದೊಡ್ಡದು ಬೇಡ, ಮೂತಿ ತೂರಿಸಿ ಕೊಸರಾಡಿ ಗಾಯ ಮಾಡಿಕೊಳ್ಳುತ್ತೆ.

ಮೊದಲ ವಾರ ಬಾಗಿಲನ್ನು ತಂತಿಯಿಂದ ಎತ್ತಿ ಕಟ್ಟಿ, ದಿನಾ ಒಂದೇ ಹೊತ್ತಿಗೆ ಬೋನಿನ ಒಳಗೇ ಊಟ ಹಾಕಿ. ಬೆಕ್ಕಿಗೆ ಜಾಲರಿ ತುಳಿಯೋದು ಆಗಿಬರಲ್ಲ. ಒಂದು ಅಡಿಕೆ ಹಾಳೆಯನ್ನು ನೆನೆಸಿ, ಚಪ್ಪಟೆ ಮಾಡಿ ತಳಕ್ಕೆ ಹಾಸಿ. ತುಳಿಹಲಗೆ ಇರುವ ಕಡೆ ಬೇರೆ ತುಂಡು ಇರಲಿ, ಒಂದೇ ಹಾಳೆ ಹಾಸಿದರೆ ಹಲಗೆ ಕೆಳಗಿಳಿಯಲ್ಲ, ಬಾಗಿಲೂ ಬೀಳಲ್ಲ. ನೆಲ ಏರುಪೇರಿದ್ದು ಬೋನು ಕಟಕಟ ಅಂದರೆ ಅವತ್ತಿಗೆ ಮುಗೀತು.

ಹಿಡಿಯುವ ಹಿಂದಿನ ದಿನ ನಾಲ್ಕೂ ಮನೆಯವರು ಊಟ ನಿಲ್ಲಿಸಬೇಕು. ಒಬ್ಬರು ಕದ್ದು ಮೊಸರನ್ನ ಹಾಕಿದರೂ ಕೊತ್ತಿ ಬೋನಿನ ಕಡೆ ತಿರುಗಿ ನೋಡಲ್ಲ ಮಾರಾಯ್ರೇ. ಮೇವಿಗೆ ಹುರಿದ ಒಣಮೀನು, ಇಲ್ಲ ಬೂತಾಯಿ. ತುಳಿಹಲಗೆ ದಾಟಿ ತುತ್ತ ತುದಿಯಲ್ಲಿ ಇಡಿ, ಬಾಗಿಲಿನಿಂದ ಒಳಗೆ ಉಗುರಿನಷ್ಟು ಉಗುರಿನಷ್ಟು ನಾಲ್ಕು ಚೂರು ಮಾತ್ರ. ಬಾಗಿಲಲ್ಲೇ ಹೊಟ್ಟೆ ತುಂಬಿಸಿದರೆ ಅಲ್ಲಿಂದಲೇ ವಾಪಸ್. ಇರುವೆ ಮುತ್ತಿದ ಮೀನನ್ನು ಬೆಕ್ಕು ಮುಟ್ಟಲ್ಲ, ಕೊನೇ ಗಳಿಗೆಯಲ್ಲಿ ಇಡಿ. ಬಾಗಿಲು ಬಿದ್ದ ತಕ್ಷಣ ದಪ್ಪ ಬಟ್ಟೆ ಮುಚ್ಚಿ, ಕತ್ತಲಾದ ಕೂಡಲೇ ಸುಮ್ಮನಾಗುತ್ತೆ. ಬೋನು ಇಟ್ಟು ಪೇಟೆಗೆ ಹೋಗಬೇಡಿ. ನಾಯಿ ಬರುತ್ತೆ, ಬಿಸಿಲು ತಿರುಗುತ್ತೆ, ಮುಂಗುಸಿಯೂ ಬೀಳಬಹುದು.

ಎರಡು ಸಾರಿ ತಪ್ಪಿಸಿಕೊಂಡ ಹಳೇ ಹೆಣ್ಣಿಗೆ ಬೋನು ನಡೆಯಲ್ಲ. ಮೂರಡಿ ಚೌಕದ ಮರದ ಚೌಕಟ್ಟಿಗೆ ಬಲೆ ಬಿಗಿದು, ಒಂದು ಬದಿ ಗೂಟದ ಮೇಲೆ ನಿಲ್ಲಿಸಿ, ಗೂಟಕ್ಕೆ ಹಗ್ಗ ಕಟ್ಟಿ ದೂರದಿಂದ ಎಳೆಯೋದು. ಆ ಚೌಕಟ್ಟಿನ ಒಂದು ಪಕ್ಕದಲ್ಲಿ ಸರಿಸುವ ಬಾಗಿಲು ಇರಲೇಬೇಕು, ಇಲ್ಲದಿದ್ದರೆ ಒಳಗಿರುವ ಬೆಕ್ಕನ್ನು ಬೋನಿಗೆ ದಾಟಿಸಲು ಕೈ ಹಾಕಬೇಕಾಗುತ್ತೆ. ಕೋಳಿ ಮುಚ್ಚುವ ಹೆಡಿಗೆ ಸಾಲದು.

ಶಿವಮೊಗ್ಗ, ಪಶುವೈದ್ಯಕೀಯ ಕೆಲಸ:
ಕೈ ಅಂದಿರಲ್ಲ, ಅದಕ್ಕೆ ಸೇರಿಸ್ತೀನಿ. ಕಚ್ಚಲಿ, ಪರಚಲಿ, ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆದು ಅವತ್ತೇ ಸರ್ಕಾರಿ ಆಸ್ಪತ್ರೆಗೆ ಹೋಗಿ ರೇಬಿಸ್ ಚುಚ್ಚುಮದ್ದು ಶುರು ಮಾಡಿಸಿ. "ಬೆಕ್ಕು ತಾನೇ" ಅಂತ ಬಿಡಬೇಡಿ.

ಕೇಳಿದವರು:
ಅಟ್ಟದ ಮರಿಗಳನ್ನ ಏನು ಮಾಡಲಿ? ತಾಯಿ ಕಾಣಿಸ್ತಾನೇ ಇಲ್ಲ.

ಹೊಸನಗರ:
ಎತ್ತಿಕೊಳ್ಳಬೇಡಿ. ನೀವು ಅಟ್ಟದ ಕೆಳಗೆ ನಿಂತಿದ್ದರೆ ಅದು ಬರೋದೇ ಇಲ್ಲ. ಮರಿಗಳ ಸುತ್ತ ಅಕ್ಕಿಹಿಟ್ಟನ್ನು ತೆಳ್ಳಗೆ ಉದುರಿಸಿ ಕೆಳಗಿಳಿದು ಬನ್ನಿ, ನಾಲ್ಕೈದು ಗಂಟೆ ಬಿಟ್ಟು ಹೆಜ್ಜೆ ಇದೆಯಾ ನೋಡಿ. ಮರಿ ಗುಂಡಗೆ ಹೊಟ್ಟೆ ತುಂಬಿ ಒಂದರ ಮೇಲೊಂದು ಮಲಗಿದ್ದರೆ ತಾಯಿ ಬಂದು ಹೋಗಿದೆ ಅಂತಲೇ ಅರ್ಥ. ತಣ್ಣಗಾಗಿ ಒಂದೇ ಸಮ ಕೂಗುತ್ತಿದ್ದರೆ ಮಾತ್ರ ಕೈ ಹಾಕಿ, ಆಗಲೂ ಮೊದಲು ಮೈ ಬೆಚ್ಚಗೆ ಮಾಡಿ, ಹಾಲು ಆಮೇಲೆ. ತಣ್ಣಗಿರುವ ಮರಿಗೆ ಹಾಲು ಜೀರ್ಣವಾಗಲ್ಲ. ಹಸುವಿನ ಹಾಲು ಸೇರದೆ ಬೇಧಿಯಾಗುತ್ತೆ, ಬೆಕ್ಕಿನ ಮರಿಗೆಂದೇ ಹಾಲುಪುಡಿ ಬರುತ್ತೆ. ಕುಡಿಸುವಾಗ ಬೋರಲಾಗಿ ಇರಲಿ, ಮಗುವಿನ ಹಾಗೆ ಅಂಗಾತ ಹಿಡಿದರೆ ಶ್ವಾಸಕೋಶಕ್ಕೆ ಹೋಗುತ್ತೆ.

ಕಣ್ಣು ಬಿಡೋದು 7ರಿಂದ 14 ದಿನಕ್ಕೆ. ಮನುಷ್ಯರ ರೂಢಿ ಹತ್ತಬೇಕಾದರೆ ಎರಡನೇ ವಾರದಿಂದ ಏಳನೇ ವಾರದ ಒಳಗೆ. ಯಾರಿಗಾದರೂ ಸಾಕಲು ಕೊಡುವುದಿದ್ದರೆ ಐದನೇ ವಾರದಿಂದ ದಿನಾ ಎರಡು ಹೊತ್ತು ಕೈಯಿಂದ ತಿನ್ನಿಸಿ, ಎಂಟು ವಾರಕ್ಕೆ ಕೊಡಿ. ಮೂರು ತಿಂಗಳು ದಾಟಿದರೆ ಬುಸ್ ಅನ್ನೋದು ಬಿಡಲ್ಲ. ಅಂಥವನ್ನು ಆಪರೇಷನ್ ಮಾಡಿಸಿ ಕೊಟ್ಟಿಗೆಗೇ ಬಿಡಿ.

ಸಾಗರ:
ಮಳೆಗಾಲದ ಜಾಗಕ್ಕೆ ಮೀನಿನ ಥರ್ಮಕೋಲ್ ಪೆಟ್ಟಿಗೆ ಸಾಕು. ಬಾಗಿಲು ಐದಾರು ಇಂಚು, ಅಷ್ಟೇ. ದೊಡ್ಡದಾದರೆ ನಾಯಿ ಮೂತಿ ಹಾಕುತ್ತೆ. ಪಶ್ಚಿಮದ ಎರಚಲಿಗೆ ಬೆನ್ನು ಮಾಡಿ, ಎರಡು ಜಂಬಿಟ್ಟಿಗೆ ಕಲ್ಲಿನ ಮೇಲೆ ಕೂರಿಸಿ. ಒಳಗೆ ಹಳೇ ಗೋಣಿ, ಮೇಲೆ ದರಗು, ಅಂದರೆ ಉದುರಿದ ಒಣ ಎಲೆ, ಹಾಕಿದರೆ ಬೆಚ್ಚಗಿರುತ್ತೆ.

ಸೊರಬ:
ಪೆಟ್ಟಿಗೆ ಸರಿ. ಗೋಣಿಯೂ ಬೇಡ, ದರಗೂ ಬೇಡ. ಗೋಣಿ ಆಷಾಢದಲ್ಲಿ ಒಮ್ಮೆ ತೇವ ಎಳೆದುಕೊಂಡರೆ ಒಣಗೋದು ದೀಪಾವಳಿಗೆ, ಅದರ ಮೇಲೆ ಮಲಗಿದ ಮರಿಗೆ ನೆಗಡಿ ಹತ್ತಿ ಕಣ್ಣು ಅಂಟಿಕೊಳ್ಳುತ್ತೆ. ದರಗು ಇನ್ನೂ ಕೆಟ್ಟದ್ದು. ಮಂಗನ ಕಾಯಿಲೆ 1957ರಲ್ಲಿ ಗೊತ್ತಾಗಿದ್ದೇ ನಮ್ಮ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಅದನ್ನು ಹರಡುವ ಉಣುಗು ಇರೋದು ಇಂಥ ಒಣ ಎಲೆಯ ಕೆಳಗೇ. ನವೆಂಬರ್‌ನಿಂದ ಮೇವರೆಗೆ ಕಾಡಿನ ದರಗು ಮನೆ ಹತ್ತಿರ ತರಲೇಬಾರದು, ಈಗ ಕೂಡಿಟ್ಟರೆ ಅದೂ ಈ ತಿಂಗಳಿನದೇ. ಭತ್ತದ ಹುಲ್ಲು ಹಾಕಿ. ನೀರು ಹಿಡಿದಿಟ್ಟುಕೊಳ್ಳಲ್ಲ, ವಾರಕ್ಕೊಮ್ಮೆ ತೆಗೆದು ಗೊಬ್ಬರಗುಂಡಿಗೆ ಎಸೆದರಾಯ್ತು.

ಉಣುಗಿನ ಮಾತು ಬಂತಲ್ಲ, ಇದನ್ನ ದಯವಿಟ್ಟು ನಾಲ್ಕೂ ಮನೆಗೆ ಹೇಳಿ: ದನಕ್ಕೆ ಹೊಡೆಯುವ ಉಣುಗಿನ ಔಷಧಿ ಬೆಕ್ಕಿಗೆ ವಿಷ. ಡೆಲ್ಟಾಮೆಥ್ರಿನ್, ಸೈಪರ್‌ಮೆಥ್ರಿನ್, ನಾಯಿಯ ಡ್ರಾಪ್ಸ್‌ನಲ್ಲಿರುವ ಪರ್ಮೆಥ್ರಿನ್, ಎಲ್ಲ ಒಂದೇ ಜಾತಿ. ಬೆಕ್ಕಿನ ಪಿತ್ತಜನಕಾಂಗಕ್ಕೆ ಅದನ್ನು ಅರಗಿಸುವ ಶಕ್ತಿ ಇಲ್ಲ. ಕಿವಿ ಅದುರುತ್ತೆ, ಮೈ ನಡುಗುತ್ತೆ, ಆಮೇಲೆ ಫಿಟ್ಸ್. ದನಕ್ಕೆ ಹೊಡೆದ ದಿನ ಮೈ ಪೂರ್ತಿ ಒಣಗುವವರೆಗೆ ಬೆಕ್ಕು ಕೊಟ್ಟಿಗೆಗೆ ಹೋಗದ ಹಾಗೆ ನೋಡಿ, ಕಲಸಿದ ಬಕೆಟ್ ತೆರೆದಿಡಬೇಡಿ. ಮೈಗೆ ತಾಗಿಬಿಟ್ಟರೆ ಪಾತ್ರೆ ತೊಳೆಯುವ ಸೋಪಿನ ನೀರು, ಉಗುರುಬೆಚ್ಚಗಿನದು, ಹಾಕಿ ತೊಳೆದು ಡಾಕ್ಟರ ಹತ್ತಿರ ಓಡಿ. ಬೆಕ್ಕಿಗೆ ಅಂತಲೇ ಬರುವ ಫಿಪ್ರೊನಿಲ್ ಡ್ರಾಪ್ಸ್ ಇದೆ, ಕುತ್ತಿಗೆಯ ಹಿಂದೆ, ನಾಲಿಗೆ ಮುಟ್ಟದ ಕಡೆ. ಕಾಡು ಸ್ವಭಾವದವಕ್ಕೆ ಆಪರೇಷನ್ ಮತ್ತಿನಲ್ಲಿರುವಾಗ ಹಾಕಿಸಿ.

ಫಿನೈಲ್, ಡೆಟಾಲ್ ಕೂಡ ಇದೇ ಪಟ್ಟಿಗೆ. ಜ್ವರ ಬಂದಿದೆ ಅಂತ ಪ್ಯಾರಾಸಿಟಮಾಲ್ ಕಾಲು ಮಾತ್ರೆಯೂ ಬೇಡ, ಸಾಯುತ್ತೆ.

ಕೇಳಿದವರು:
ಕೊಟ್ಟಿಗೆ ತೊಳೆಯೋದು ಫಿನೈಲಿನಲ್ಲೇ! ಇವತ್ತಿನಿಂದ ನಿಲ್ಲಿಸ್ತೀವಿ. ಪಾತಿ ಗಲೀಜಿಗೆ?

ಕೊಪ್ಪ:
ಅವಕ್ಕೆ ಬೇಕಾಗಿರೋದು ಸಡಿಲ, ಒಣ ಮಣ್ಣು. ಮೂರಡಿಗೆ ಎರಡಡಿ, ಅರ್ಧ ಅಡಿ ಆಳದ ಮರಳಿನ ಗುಂಡಿ, ಸೂರಿನ ಕೆಳಗೆ, ಊಟದ ಜಾಗದಿಂದ ದೂರ. ಪಾತಿಯಿಂದ ಒಂದು ಸಲಿಕೆ ಗಲೀಜು ತಂದು ಅದರಲ್ಲಿ ಹಾಕಿ, ವಾಸನೆ ಹಿಡಿದು ಬರುತ್ತವೆ. ಪಾತಿಯ ಮೇಲೆ ಕೋಳಿ ಜಾಲರಿ ಚಪ್ಪಟೆ ಹಾಸಿ, ಗಿಡ ಕಣ್ಣಿನೊಳಗಿಂದ ಏಳುತ್ತೆ. ಖಾರದಪುಡಿ ಮೊದಲ ಮಳೆಗೇ ಹೋಗುತ್ತೆ, ಅಲ್ಲಿವರೆಗೆ ಅವುಗಳ ಕಣ್ಣು ಉರಿಸುತ್ತೆ. ಗುಂಡಿಯನ್ನು ದಿನಾ ಬಾಚಬೇಕು. ಟಾಕ್ಸೊಪ್ಲಾಸ್ಮಾ ಅನ್ನೋ ಪರಾವಲಂಬಿ ಸೋಂಕು ತಗುಲಿಸುವ ಸ್ಥಿತಿಗೆ ಬರಲು ಒಂದು ದಿನವಾದರೂ ಬೇಕು, ಅಷ್ಟರಲ್ಲಿ ತೆಗೆದರೆ ಮುಗೀತು. ಬಸುರಿಯರು ಈ ಕೆಲಸ ಮಾಡೋದು ಬೇಡ.

ಊಟ ಹಗಲಿನಲ್ಲೇ, ಅರ್ಧ ಗಂಟೆ ಬಿಟ್ಟು ತಟ್ಟೆ ಎತ್ತಿ. ಕತ್ತಲಾದ ಮೇಲೆ ಹಿತ್ತಿಲಲ್ಲಿ ತಟ್ಟೆ ಇಟ್ಟರೆ ಬೆಕ್ಕು ಸೇರುತ್ತೆ, ಬೆಕ್ಕಿನ ಹಿಂದೆ ಚಿರತೆ. ಬರೀ ಹಾಲನ್ನ ಸಾಲದು. ಟಾರಿನ್ ಅನ್ನೋ ಅಂಶ ಇಲ್ಲದಿದ್ದರೆ ಕಣ್ಣು, ಹೃದಯ ಕೆಡುತ್ತೆ, ಅದಿರೋದು ಮೀನು ಮಾಂಸದಲ್ಲಿ. ಇಲಿ ಹಿಡಿಯುವವಕ್ಕೆ ಅದರಲ್ಲೇ ಸಿಗುತ್ತೆ. ಮುದಿಯಾದವಕ್ಕೆ, ಮಾಂಸ ಮಾಡದ ಮನೆಯಲ್ಲಿ, ಒಣ ಬೆಕ್ಕಿನ ಆಹಾರ ದಿನಕ್ಕೆ 50 ಗ್ರಾಂ. ಹೊಟ್ಟೆ ತುಂಬಿದರೆ ಇಲಿ ಹಿಡಿಯಲ್ಲ ಅನ್ನೋದು ಸುಳ್ಳು. ಬೆಕ್ಕು ಇಟ್ಟುಕೊಂಡ ಮೇಲೆ ಇಲಿ ಪಾಷಾಣ ಮಾತ್ರ ಬೇಡ, ವಿಷ ತಿಂದು ತೂರಾಡುವ ಇಲಿಯನ್ನೇ ಬೆಕ್ಕು ಮೊದಲು ಹಿಡಿಯೋದು.

ಹೊಸನಗರ:
ತೋಟದಲ್ಲಿ, ಹುಲ್ಲುಮೆದೆಯಲ್ಲಿ ಸಿಕ್ಕ ಮರಿ ಎಲ್ಲವೂ ನಿಮ್ಮ ಬೆಕ್ಕಿನದ್ದಲ್ಲ. ಕಿವಿಯ ಹಿಂಭಾಗ ಕಪ್ಪಗಿದ್ದು ನಡುವೆ ಬಿಳಿ ಚುಕ್ಕೆ ಇದ್ದರೆ ಅದು ಚಿರತೆ ಬೆಕ್ಕಿನ ಮರಿ. ಉದ್ದ ಕಾಲು, ಮೋಟು ಬಾಲ, ಕಿವಿ ತುದಿಯಲ್ಲಿ ಚಿಕ್ಕ ಕಪ್ಪು ಕೂದಲಿದ್ದರೆ ಕಾಡುಬೆಕ್ಕು. ಕಂದು ಚುಕ್ಕೆಯ ಪುಟ್ಟ ಜಾತಿ ಒಂದಿದೆ, ಬೆಳೆದರೂ ಒಂದೂವರೆ ಕಿಲೋ ಆಸುಪಾಸು, ಮರಿ ಅಂದುಕೊಂಡು ದೊಡ್ಡದನ್ನೇ ಹಿಡಿದೀರಿ. ಇವೆಲ್ಲ ವನ್ಯಜೀವಿ ಕಾಯ್ದೆಯಡಿ ಬರುತ್ತವೆ. ಮುಟ್ಟದೆ ಅಲ್ಲೇ ಬಿಟ್ಟು, ಗಾಯವಾಗಿದ್ದರೆ ಅರಣ್ಯ ಕಚೇರಿಗೆ ತಿಳಿಸಿ.

ಕೇಳಿದವರು:
ಕೊನೇದು. ಹೊಟ್ಟೆ ಬಂದಿರೋದನ್ನ ಈಗಲೇ ಮಾಡಿಸಬಹುದಾ?

ಶಿವಮೊಗ್ಗ, ಪಶುವೈದ್ಯಕೀಯ ಕೆಲಸ:
ಗಬ್ಬವಿದ್ದಾಗಲೂ ಮಾಡುತ್ತಾರೆ, ಗರ್ಭವೂ ಹೋಗುತ್ತೆ. ರಕ್ತ ಹೆಚ್ಚು ಹೋಗುವ ಅಪಾಯ ದಿನ ತುಂಬಿದಷ್ಟೂ ಜಾಸ್ತಿ. ಮೊಲೆತೊಟ್ಟು ಕೆಂಪಗೆ ಊದಿ ಹಾಲು ಇಳಿದಿದ್ದರೆ ಬಿಡಿ, ಈಯಲಿ. ಈದ ಆರನೇ ವಾರಕ್ಕೆ, ಮರಿ ಗಟ್ಟಿ ಊಟ ತಿನ್ನಲು ಕಲಿತ ಮೇಲೆ ಹಿಡಿಯಿರಿ. ಮೊದಲ ಸುತ್ತಿನಲ್ಲಿ ಅದು ಬೋನಿಗೆ ಬಿದ್ದರೂ ಬಿಟ್ಟುಬಿಡಿ, ಆದರೆ ಬಣ್ಣ, ಬಾಲ ಕಾಣುವ ಹಾಗೆ ಒಂದು ಫೋಟೊ ತೆಗೆದಿಟ್ಟುಕೊಳ್ಳಿ. ಜುಲೈನಲ್ಲಿ ಮಳೆ ಮಧ್ಯೆ ಯಾವುದು ಉಳಿದಿದ್ದು ಅಂತ ನಾಲ್ಕು ಮನೆಯವರೂ ನಾಲ್ಕು ಬೆಕ್ಕು ತೋರಿಸುತ್ತಾರೆ.