ವೈಲ್ಡ್ ಟೈಪ್ ಪೋಂಬೆ ಯೀಸ್ಟ್ 7 ಮೈಕ್ರಾನ್‌ಗೇ ವಿಭಜನೆಯಾಗುತ್ತಿದೆ: ದಯವಿಟ್ಟು ಸಹಾಯ ಮಾಡಿ

ಕೋಶಾನ್ವೇಷಿ:
ನಮಸ್ಕಾರ. ಮೂರು ವಾರಗಳಿಂದ ಒಂದೇ ಸಮಸ್ಯೆಯಲ್ಲಿ ಸಿಲುಕಿದ್ದೇನೆ. ನನ್ನದು ವೈಲ್ಡ್ ಟೈಪ್, ಎಂದರೆ ಜೀನ್ ಬದಲಾಗದ ಸಾಮಾನ್ಯ ತಳಿ. ಕಡ್ಡಿಯಾಕಾರದ ಪೋಂಬೆ ಕೋಶಗಳು ಸುಮಾರು 14 ಮೈಕ್ರಾನ್ ಉದ್ದಕ್ಕೆ ಬೆಳೆದ ಮೇಲೆ ನಡುವೆ ಅಡ್ಡಗೋಡೆ ಕಟ್ಟಿಕೊಂಡು ಎರಡಾಗಬೇಕು. ನನ್ನವು 7ಕ್ಕೇ ಎರಡಾಗುತ್ತಿವೆ. ಫ್ರೀಜರ್‌ನಿಂದ ಎರಡು ಸಲ ಹೊಸದಾಗಿ ಕಲ್ಚರ್ ಎಬ್ಬಿಸಿದೆ, ಮಾಧ್ಯಮವನ್ನೂ ಬದಲಿಸಿದೆ. ಮುಂದಿನ ವಾರ ಮಾರ್ಗದರ್ಶಕರಿಗೆ ಅಳತೆಗಳನ್ನು ಒಪ್ಪಿಸಬೇಕು. ಎಲ್ಲಿ ತಪ್ಪುತ್ತಿದ್ದೇನೆ?

ಅಗರ್_ತಟ್ಟೆ:
ಅರ್ಧ ಉದ್ದ ಎಂದರೆ ವೀ1 ಜೀನ್ ಕೆಟ್ಟಿದೆ ಎಂದೇ ಅರ್ಥ. ವಿಜ್ಞಾನಿ ಪಾಲ್ ನರ್ಸ್ ಅವರು ಎಡಿನ್‌ಬರೋದಲ್ಲಿ ಗುರುತಿಸಿ 1975ರಲ್ಲಿ ಪ್ರಕಟಿಸಿದ್ದು ಇಂಥ ಪುಟ್ಟ ಕೋಶಗಳನ್ನೇ. ಸ್ಕಾಟ್ಲೆಂಡಿನವರ ಮಾತಿನಲ್ಲಿ 'ವೀ' ಎಂದರೆ ಪುಟ್ಟದು. ವಿಭಜನೆಗೆ ಚಾಲನೆ ಕೊಡುವ ಸಿಡಿಕೆ1 ಕಿಣ್ವಕ್ಕೆ ವೀ1 ಪ್ರೋಟೀನು ಫಾಸ್ಫೇಟ್ ಅಂಟಿಸಿ ತಡೆ ಒಡ್ಡುತ್ತದೆ, ಸಿಡಿಸಿ25 ಎಂಬ ಇನ್ನೊಂದು ಪ್ರೋಟೀನು ಆ ಫಾಸ್ಫೇಟನ್ನು ಕಳಚುತ್ತದೆ. ತಡೆಯೇ ಇಲ್ಲವಾದರೆ ಕೋಶವು ಸಾಕಷ್ಟು ಬೆಳೆಯುವ ಮೊದಲೇ ಒಡೆದು ಎರಡಾಗುತ್ತದೆ. ತಾಪಮಾನ ಎಷ್ಟೆಂದು ನೀವು ಬರೆದೇ ಇಲ್ಲ. ಹೆಚ್ಚಿನ ಶಾಖದಲ್ಲಷ್ಟೇ ವೀ1 ಕೆಡುವ ವೀ1-50 ತಳಿಯು 36 ಡಿಗ್ರಿಯಲ್ಲಿ ಹೀಗೆಯೇ ವರ್ತಿಸುತ್ತದೆ.

ಕೋಶಾನ್ವೇಷಿ:
32 ಡಿಗ್ರಿ. 25ರಲ್ಲೂ ಬೆಳೆಸಿ ನೋಡಿದೆ, ಅದೇ 7.

ಅಗರ್_ತಟ್ಟೆ:
ಹಾಗಿದ್ದರೆ ವೀ1 ಜೀನೇ ಪೂರ್ತಿ ಅಳಿಸಿಹೋದ ತಳಿ ನಿಮಗೆ ಸಿಕ್ಕಿರಬೇಕು. ಜೀನನ್ನು ಸೀಕ್ವೆನ್ಸ್ ಮಾಡಿಸಿ.

ಜೀವಾಣು:
ಅಷ್ಟು ಆತುರ ಬೇಡ. ನೀವು ಎಲ್ಲ ಕೋಶಗಳನ್ನೂ ಅಳೆಯುತ್ತಿದ್ದೀರೋ ಅಥವಾ ಅಡ್ಡಗೋಡೆ ಮೂಡಿದವನ್ನು ಮಾತ್ರವೋ? ಆಗಷ್ಟೇ ಹುಟ್ಟಿದ ಕೋಶ ಹೇಗೂ 7ರ ಆಸುಪಾಸಿನಲ್ಲಿರುತ್ತದೆ. ಇನ್ನೊಂದು ಮಾತು: ಕೋಶಗಳು ನಿಗದಿತ ಉದ್ದವನ್ನು ಕಾಯುವುದಿಲ್ಲ, ಹುಟ್ಟಿದಾಗಿನ ಉದ್ದಕ್ಕೆ ನಿಗದಿತ ಪ್ರಮಾಣವನ್ನು ಸೇರಿಸಿಕೊಂಡು ವಿಭಜನೆಯಾಗುತ್ತವೆ.

ಅಗರ್_ತಟ್ಟೆ:
ಅದು ಈ.ಕೋಲೈ ಬ್ಯಾಕ್ಟೀರಿಯಾದ ಕಥೆ, ಪೋಂಬೆಗೆ ಅನ್ವಯಿಸದು. ಇಲ್ಲಿ ಉದ್ದವಾಗಿ ಹುಟ್ಟಿದ ಕೋಶ ಕಡಿಮೆ ಬೆಳೆಯುತ್ತದೆ, ಗಿಡ್ಡವಾಗಿ ಹುಟ್ಟಿದ್ದು ಹೆಚ್ಚು ಬೆಳೆಯುತ್ತದೆ, ಹೀಗಾಗಿ ಒಂದೇ ಸುತ್ತಿನಲ್ಲಿ ವ್ಯತ್ಯಾಸವು ಬಹುಮಟ್ಟಿಗೆ ಸರಿಹೋಗುತ್ತದೆ. 1977ರಲ್ಲೇ ಪೀಟರ್ ಫ್ಯಾಂಟೆಸ್ ಇದನ್ನು ತೋರಿಸಿದ್ದಾರೆ.

ಜೀವಾಣು:
ಎರಡಕ್ಕೂ ನಡುವಿನ ವರ್ತನೆ ತೋರಿಸುವ ಕೋಶಗಳೂ ಇವೆ. ಒಂದೇ ನಿಯಮವನ್ನು ಪಟ್ಟು ಹಿಡಿಯುವುದು ಸರಿಯಲ್ಲ.

ಕೋಶಾನ್ವೇಷಿ:
ಕ್ಯಾಲ್ಕೋಫ್ಲೋರ್ ಬಣ್ಣ ಹಾಕಿ, ಅಡ್ಡಗೋಡೆ ಬೆಳಗುವ ಕೋಶಗಳನ್ನಷ್ಟೇ ಅಳೆಯುತ್ತಿದ್ದೇನೆ. ನನಗೆ ಈಗ ಚರ್ಚೆಗಿಂತ ಪರಿಹಾರ ಬೇಕಾಗಿದೆ.

ಮಸೂರ:
ನಮ್ಮ ಪ್ರಯೋಗಾಲಯದಲ್ಲಿ ಕೋಶಗಳನ್ನು ಸಣ್ಣ ಕಾಲುವೆಗಳ ಚಿಪ್‌ನಲ್ಲಿ ಕೂಡಿಹಾಕಿ, 100ಎಕ್ಸ್ ಎಣ್ಣೆ ಆಬ್ಜೆಕ್ಟಿವ್‌ನಲ್ಲಿ ರಾತ್ರಿಯಿಡೀ ಚಿತ್ರ ತೆಗೆಯುತ್ತೇವೆ. ಆ ವ್ಯವಸ್ಥೆ ಕಟ್ಟಲು ಒಂದು ವರ್ಷ ಹಿಡಿಯಿತು, ಈಗ ಅದರ ಮುಂದೆ ಕೂತರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ಅದರಿಂದಲೇ ಒಂದು ಮಾತು ಹೇಳಬಲ್ಲೆ: ಪೋಂಬೆ ತುದಿಗಳಲ್ಲಿ ಬೆಳೆಯುವುದರಿಂದ ಅದರ ಅಗಲ ಹೆಚ್ಚು ಬದಲಾಗುವುದಿಲ್ಲ. ವೀ1 ಕೆಟ್ಟ ಕೋಶ ಗಿಡ್ಡವಾಗುತ್ತದೆ, ಆದರೆ ಅರ್ಧದಷ್ಟು ತೆಳ್ಳಗಾಗುವುದಿಲ್ಲ. ನಿಮ್ಮ ಕೋಶಗಳ ಅಗಲ ಎಷ್ಟಿದೆ?

ಕೋಶಾನ್ವೇಷಿ:
ಈಗ ಅಳೆದೆ. ಒಂದು ಕೋಶದ ಉದ್ದ 108 ಪಿಕ್ಸೆಲ್, ಅಗಲ 27 ಪಿಕ್ಸೆಲ್. ಪಿಕ್ಸೆಲ್‌ಗೆ 0.065 ಮೈಕ್ರಾನ್ ಎಂದರೆ ಅಗಲ 1.75 ಆಗುತ್ತದೆ.

ಮಸೂರ:
ಅಗಲ ಮೂರೂವರೆ, ನಾಲ್ಕರ ಆಸುಪಾಸಿನಲ್ಲಿರಬೇಕಿತ್ತು. ಎರಡೂ ಅಳತೆಗಳು ಸರಿಯಾಗಿ ಅರ್ಧಕ್ಕೆ ಇಳಿದಿದ್ದರೆ ತಪ್ಪು ಕೋಶದಲ್ಲಿಲ್ಲ, ಅಳತೆಗೋಲಿನಲ್ಲಿದೆ. ಕ್ಯಾಮೆರಾದಲ್ಲಿ ಬಿನ್ನಿಂಗ್, ಎಂದರೆ ಅಕ್ಕಪಕ್ಕದ ಪಿಕ್ಸೆಲ್‌ಗಳನ್ನು ಒಂದಾಗಿ ಕೂಡಿಸುವುದು, ಎಷ್ಟಿಟ್ಟಿದ್ದೀರಿ?

ಕೋಶಾನ್ವೇಷಿ:
ಎರಡಕ್ಕೆರಡು. ಮಂದ ಬೆಳಕಿನಲ್ಲಿ ಚಿತ್ರ ಸ್ಪಷ್ಟವಾಗಲೆಂದು ಕಳೆದ ತಿಂಗಳು ಬದಲಿಸಿದ್ದೆ. ಅದಕ್ಕೂ ಉದ್ದಕ್ಕೂ ಸಂಬಂಧವಿದೆ ಎಂದು ಹೊಳೆಯಲಿಲ್ಲ, ಹಾಗಾಗಿ ಇಲ್ಲಿ ಬರೆಯಲೂ ಇಲ್ಲ. ನಾಲ್ಕು ಪಿಕ್ಸೆಲ್‌ಗಳು ಕೂಡಿ ಒಂದಾದ ಮೇಲೆ ಪ್ರತಿ ಪಿಕ್ಸೆಲ್‌ನ ಬದಿ 0.13 ಮೈಕ್ರಾನ್ ಆಗಬೇಕಿತ್ತು. 108 ಅನ್ನು ಅದರಿಂದ ಗುಣಿಸಿದರೆ 14.04. ಸ್ಟೇಜ್ ಮೈಕ್ರೋಮೀಟರ್ (ಸೂಕ್ಷ್ಮದರ್ಶಕದಡಿ ಇಡುವ ಅಳತೆಪಟ್ಟಿ) ಇಟ್ಟು ಖಚಿತಪಡಿಸಿಕೊಂಡೆ.

ಅಗರ್_ತಟ್ಟೆ:
ಸಂತೋಷ. ನಾನು ವೀ1 ಬಿಟ್ಟು ಬೇರೆ ಯೋಚಿಸಲಿಲ್ಲ, ನಿಮ್ಮ ಸಮಯ ಹೋಯಿತು.

ಕೋಶಾನ್ವೇಷಿ:
ಎಲ್ಲರಿಗೂ ಧನ್ಯವಾದ. ನಿನ್ನೆ ರಾತ್ರಿಯಿಡೀ ಎರಡು ಕೋಶಗಳನ್ನು ಹಿಂಬಾಲಿಸಿದೆ. 8.3 ಮೈಕ್ರಾನ್ ಉದ್ದವಾಗಿ ಹುಟ್ಟಿದ್ದು 14.2ಕ್ಕೆ ಒಡೆಯಿತು, 6.5ಕ್ಕೆ ಹುಟ್ಟಿದ್ದು ಹೆಚ್ಚು ಹೊತ್ತು ತೆಗೆದುಕೊಂಡು 13.9ಕ್ಕೆ ಒಡೆಯಿತು. ಹಳೆಯ ಚಿತ್ರಗಳನ್ನೆಲ್ಲ ಈಗ ಮತ್ತೆ ಅಳೆಯುತ್ತಿದ್ದೇನೆ.