ಹೋಟೆಲಿನ ಹುಡುಗನ ಬಗ್ಗೆ ಮಕ್ಕಳ ಸಹಾಯವಾಣಿ 1098ಕ್ಕೆ ಹೇಳಬೇಕೆ? ಅನುಭವ ಇದ್ದವರು ತಿಳಿಸಿ

ಪ್ರಶ್ನೆ (ಅಂಕೋಲಾ): ನಾನು ಚಹಾ ಕುಡಿಯುವ ಹೋಟೆಲಿನಲ್ಲಿ ಹನ್ನೆರಡರ ಆಸುಪಾಸಿನ ಹುಡುಗ ಲೋಟ ತೊಳೆಯುತ್ತಾನೆ. ಹಾವೇರಿ ಕಡೆಯವನಂತೆ. ಕರೆ ಮಾಡಿದರೆ ಅವನ ಗತಿ ಏನಾಗುತ್ತದೆ?

ಗೋಕರ್ಣ, ಹೋಟೆಲ್ ನಡೆಸಿದವನು: ಮಾಡಿ, ಮಾಡಿ. ಪುಣ್ಯ ನಿಮಗೆ, ಖರ್ಚು ನಮಗೆ. ನನ್ನಲ್ಲಿದ್ದವನು ಅಡುಗೆಯವನ ತಂಗಿಯ ಮಗ. ರಜೆಗೆ ಬಂದವನು ಉಳಿದುಕೊಂಡ. ಕಾರ್ಮಿಕ ನಿರೀಕ್ಷಕರು ಬಂದಾಗ ಅವನ ಕೈಯಲ್ಲಿ ಸಾಂಬಾರಿನ ಬಕೆಟ್. ದಂಡ 20,000, ವಕೀಲರಿಗೆ 12,000, ಕೋರ್ಟಿನ ವಾಯಿದೆಗೆ ಹೋದಾಗಲೆಲ್ಲ ಬಾಗಿಲು ಹಾಕಿ ಕೆಟ್ಟ ಹಾಲು, ಹುಳಿಬಂದ ದೋಸೆ ಹಿಟ್ಟು ಬೇರೆ. 50,000ದವರೆಗೂ ಹಾಕಬಹುದಿತ್ತು, ಕನಿಷ್ಠಕ್ಕೆ ಮುಗಿಯಿತು ಎಂದು ನಾನು ಖುಷಿಪಡಬೇಕಂತೆ! ಹುಡುಗನಿಗೆ ಊಟ, ಬಟ್ಟೆ ಯಾವುದಕ್ಕೂ ಕಡಿಮೆ ಮಾಡಿರಲಿಲ್ಲ.

ಕಾರವಾರ, ಬಸ್ ನಿರ್ವಾಹಕ: ಊಟ ಹಾಕಿದ್ದೇನೆ ಎಂದು ನನ್ನ ಧಣಿಯೂ ಹೇಳುತ್ತಿದ್ದ. ನಾನು ರಾಯಚೂರು ಕಡೆಯವನು, ಹತ್ತಿ ಬೀಜದ ಹೊಲದಲ್ಲಿ ಪರಾಗಸ್ಪರ್ಶಕ್ಕಾಗಿ ಹೂವಿಗೆ ಹೂವು ಮುಟ್ಟಿಸುವ ಕೆಲಸ. ರಾಷ್ಟ್ರೀಯ ಬಾಲಕಾರ್ಮಿಕ ಯೋಜನೆಯ ವಿಶೇಷ ಶಾಲೆಗೆ ಸೇರಿಸಿದರು. ತಿಂಗಳಿಗೆ 100 ರೂಪಾಯಿ ವಿದ್ಯಾರ್ಥಿವೇತನ, ಅದೂ ತಿಂಗಳುಗಟ್ಟಲೆ ತಡ. ಕೂಲಿ ತಪ್ಪಿತೆಂದು ಅಪ್ಪ ಬೈಯದ ದಿನವಿಲ್ಲ. ಆದರೂ ಅಲ್ಲಿಂದ ಸರ್ಕಾರಿ ಶಾಲೆಗೆ ಹೋದೆ, ಎಸ್ಸೆಸ್ಸೆಲ್ಸಿ ಮುಗಿಸಿದೆ. 1988ರಲ್ಲಿ ಶುರುವಾದ ಆ ಯೋಜನೆಯನ್ನು 2021ರಲ್ಲಿ ಸಾಮಾನ್ಯ ಶಾಲೆಗಳ ಯೋಜನೆಯಾದ ಸಮಗ್ರ ಶಿಕ್ಷಾದೊಳಗೆ ಸೇರಿಸಿಬಿಟ್ಟರು. ಆರು ವರ್ಷ ಪುಸ್ತಕ ಮುಟ್ಟದವನನ್ನು ನೇರವಾಗಿ ಆರನೇ ತರಗತಿಯಲ್ಲಿ ಕೂರಿಸಿದರೆ ಎಷ್ಟು ದಿನ ಕೂರುತ್ತಾನೆ?

ಕುಮಟಾ, ನಿವೃತ್ತ ಶಿಕ್ಷಕಿ: ನಾನು ಕರೆ ಮಾಡಿದ್ದೆ. ಮಗುವನ್ನು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಿದರು, ಬಾಲಮಂದಿರದಲ್ಲಿ ಇಟ್ಟರು, ತಾಯಿ ಬಂದು ಕರೆದುಕೊಂಡು ಹೋದಳು. ದೀಪಾವಳಿ ಕಳೆದ ಮೇಲೆ ಅದೇ ಹುಡುಗ ಇನ್ನೊಂದು ಊರಿನ ಹೋಟೆಲಿನಲ್ಲಿ! ಬಿಡುಗಡೆಯಾದ ಮಗುವಿನ ಹೆಸರಿನಲ್ಲಿ ಸರ್ಕಾರ 15,000 ರೂಪಾಯಿ ಇಡಬೇಕೆಂದು ಕಾನೂನಿದೆ. ಕೇಳಲು ಹೋದರೆ ಈ ಮೇಜಿನಿಂದ ಆ ಮೇಜಿಗೆ. ನಾನು ಆ ಮಗುವಿನ ಸಂಬಂಧಿಕಳಲ್ಲವಂತೆ. ಬಸ್ ಚಾರ್ಜು, ಝೆರಾಕ್ಸು ಎಲ್ಲ ನನ್ನ ಪಿಂಚಣಿಯಿಂದಲೇ ಹೋಯಿತು.

ಶಿರಸಿ, ತೋಟದವರು: ಈ ಬಾಲಕಾರ್ಮಿಕ ಕಾನೂನು ಬರೆದವರು ಕೊನೆಕೊಯ್ಲು, ಅಂದರೆ ಅಡಿಕೆ ಗೊನೆ ಇಳಿಸುವ ಕಾಲ, ನೋಡಿದವರಲ್ಲ. ಅಡಿಕೆ ಸುಲಿಯಲು ಬರುವ ಹೆಂಗಸರು ಮಕ್ಕಳನ್ನು ಮನೆಯಲ್ಲಿ ಬಿಟ್ಟು ಬರಬೇಕೆ? ತಾಯಿಯ ಪಕ್ಕದಲ್ಲಿ ಕೂತು ನಾಲ್ಕು ಕಾಯಿ ಸುಲಿದರೆ ಅಪರಾಧವೆ? ಅದರ 2016ರ ತಿದ್ದುಪಡಿಯಲ್ಲೇ ಶಾಲೆಯ ಸಮಯ ಮುಗಿದ ಮೇಲೆ ಕುಟುಂಬಕ್ಕೆ ನೆರವಾಗಬಹುದೆಂದಿದೆ.

ಕುಮಟಾ, ನಿವೃತ್ತ ಶಿಕ್ಷಕಿ: ಅಂಗಳ ನಿಮ್ಮದು, ಅಡಿಕೆ ನಿಮ್ಮದು, ಸುಲಿದದ್ದನ್ನು ಕಿಲೋ ಲೆಕ್ಕದಲ್ಲಿ ತೂಗುವವರು ನೀವು. ಕುಟುಂಬ ಮಾತ್ರ ಅವಳದೇ? ರಾತ್ರಿ ಹತ್ತಕ್ಕೆ ಅಡಿಕೆ ಸುಲಿಯುವ ಮೆಟ್ಟುಗತ್ತಿಯ ಮುಂದೆ ತೂಕಡಿಸಿದ ಮಗು ಬೆಳಿಗ್ಗೆ ನನ್ನ ತರಗತಿಯಲ್ಲಿ ಬೆರಳಿಗೆ ಬಟ್ಟೆ ಸುತ್ತಿಕೊಂಡು ಮಲಗುತ್ತಿತ್ತು.

ಶಿರಸಿ, ತೋಟದವರು: ಅಕ್ಕೋರೇ, ಕೊಳೆರೋಗದಲ್ಲಿ ಅರ್ಧ ಬೆಳೆ ಹೋದಾಗ ನಮ್ಮ ಮನೆಯ ಮಕ್ಕಳೂ ಸುಲಿದಿದ್ದಾರೆ. ಆಗ ಯಾರೂ ಕರೆ ಮಾಡಲಿಲ್ಲ.

ಗೋಕರ್ಣ, ಹೋಟೆಲ್ ನಡೆಸಿದವನು: ನೋಡಿ! ತೋಟಕ್ಕೊಂದು ನ್ಯಾಯ, ಹೋಟೆಲಿಗೊಂದು ನ್ಯಾಯ. ನಿರೀಕ್ಷಕರ ಜೀಪು ಘಟ್ಟ ಹತ್ತುವುದಿಲ್ಲವೇ?

ಸಿದ್ದಾಪುರ: ಸುಲಿಯುವ ಯಂತ್ರ ತಂದರೆ ತಕರಾರೇ ಇಲ್ಲ. ನಾವು ಕಳೆದ ವರ್ಷ ತಂದೆವು.

ಶಿರಸಿ, ತೋಟದವರು: ಯಂತ್ರದಲ್ಲಿ ಗಾಯವಾದ ಅಡಿಕೆಯನ್ನು ವ್ಯಾಪಾರಿ ಯಾವ ದರಕ್ಕೆ ಎತ್ತಿದ, ಅದನ್ನೂ ಬರೆಯಿರಿ ಮಾರಾಯರೇ.