ಸಹಾಯ ಬೇಕು: ಎಫ್‌ಎಆರ್ ಜಾಸ್ತಿ ಇದ್ರೆ ಜನಸಾಂದ್ರತೆನೂ ಜಾಸ್ತಿ ಅಂತಾನಾ?

ಎಲ್ರಿಗೂ ನಮಸ್ಕಾರ, ನಗರ ಯೋಜನೆ ಓದ್ತಿದೀನಿ, ಒಂದು ಕಡೆ ಪೂರ್ತಿ ಸಿಕ್ಕಾಕೊಂಡಿದೀನಿ, ಗೊತ್ತಿರೋರು ದಯವಿಟ್ಟು ಬಿಡಿಸಿ ಹೇಳಿ.

ಎಫ್‌ಎಆರ್ (ಫ್ಲೋರ್ ಏರಿಯಾ ರೇಶಿಯೋ) ಅಂದ್ರೆ ಎಲ್ಲಾ ಮಹಡಿಗಳ ಒಟ್ಟು ವಿಸ್ತೀರ್ಣನ ಸೈಟಿನ ವಿಸ್ತೀರ್ಣದಿಂದ ಭಾಗಿಸೋದು, ಇಷ್ಟು ಅರ್ಥ ಆಗಿದೆ. 1000 ಚದರ ಮೀಟರ್ ಸೈಟಲ್ಲಿ ಎಫ್‌ಎಆರ್ 2 ಅಂದ್ರೆ 2000 ಚದರ ಮೀಟರ್ ಕಟ್ಬಹುದು, ಅರ್ಧ ಜಾಗ ಮುಚ್ಚಿ 4 ಮಹಡಿ ಹಾಕಿದ್ರೂ ಅಷ್ಟೇ, ಕಾಲು ಭಾಗ ಮುಚ್ಚಿ 8 ಮಹಡಿ ಎಬ್ಬಿಸಿದ್ರೂ ಅಷ್ಟೇ. ಎರಡನೇದ್ರಲ್ಲಿ ಮಳೆನೀರು ಇಂಗೋಕೆ ಮಣ್ಣು ಜಾಸ್ತಿ ಉಳಿಸ್ಕೋಬಹುದು, ಹಾಳೆ ಮೇಲೆ ಎರಡನ್ನೂ ಬರ್ದು ನೋಡಿದಾಗ ನಿಜವಾಗ್ಲೂ ಖುಷಿ ಆಯ್ತು.

ತೊಡಕು ಶುರುವಾಗೋದು ಇಲ್ಲಿ. ಅದೇ 2000 ಚದರ ಮೀಟರಲ್ಲಿ 50 ಚದರ ಮೀಟರಿನ 40 ಮನೆ ಮಾಡ್ಬಹುದು, 200 ಚದರ ಮೀಟರಿನ 10 ಮನೆನೂ ಮಾಡ್ಬಹುದು (ಮೆಟ್ಟಿಲು, ಲಿಫ್ಟ್ ಜಾಗ ಬಿಟ್ಟು ಸುಮ್ನೆ ಲೆಕ್ಕಕ್ಕೆ ಹೇಳ್ತಿದೀನಿ), ಎಫ್‌ಎಆರ್ ಒಂದೇ, ಆದ್ರೆ ಮನೆಗಳ ಸಂಖ್ಯೆ ನಾಲ್ಕು ಪಟ್ಟು ಬೇರೆ! ಇದರ ಮೇಲೆ ಗ್ರಾಸ್ (ಇಡೀ ಬಡಾವಣೆ ಜಾಗಕ್ಕೆ ಹೆಕ್ಟೇರಿಗೆ ಎಷ್ಟು ಜನ), ನೆಟ್ (ಬರೀ ಮನೆಗಳ ಜಾಗಕ್ಕೆ ಹೆಕ್ಟೇರಿಗೆ ಎಷ್ಟು ಜನ) ಅಂತ ಎರಡು ಸಾಂದ್ರತೆ ಬೇರೆ. 10 ಹೆಕ್ಟೇರ್ ಬಡಾವಣೆಲಿ 2000 ಜನ ಇದ್ದು ಮನೆಗಳ ಜಾಗ ಬರೀ 4 ಹೆಕ್ಟೇರ್, ಉಳಿದಿದ್ದು ರಸ್ತೆ, ಪಾರ್ಕು, ಶಾಲೆ ಅಂತ ಇಟ್ಕೊಳಿ, ಗ್ರಾಸ್ ಹೆಕ್ಟೇರಿಗೆ 200 ಬರುತ್ತೆ, ನೆಟ್ 500. ಮೂರ್ನಾಲ್ಕು ಸಲ ಎಕ್ಸೆಲ್‌ನಲ್ಲಿ ಹಾಕಿ ನೋಡ್ದೆ, ಲೆಕ್ಕ ಸರಿಯಾಗೇ ಇದೆ, ಯಾವುದನ್ನ ಹಿಡ್ಕೋಬೇಕು ಅನ್ನೋದೇ ತಿಳೀತಿಲ್ಲ.

ಬಸ್ಸು ಪದೇಪದೇ ಓಡೋಕೆ, ಅಂಗಡಿ ಶಾಲೆ ಎಲ್ಲ ನಡ್ಕೊಂಡು ಹೋಗೋಷ್ಟು ಹತ್ರ ಇರೋಕೆ ಸಾಕಷ್ಟು ಸಾಂದ್ರತೆ ಬೇಕು ಅಂತಾರಲ್ಲ, ಅಲ್ಲಿ ನೋಡ್ಬೇಕಾಗಿರೋದು ಗ್ರಾಸಾ, ನೆಟ್ಟಾ? ಮತ್ತೆ ಎಫ್‌ಎಆರ್ ಜೊತೆ ಹೋಲಿಸ್ಬೇಕಂದ್ರೆ ಯಾವುದು ಸರಿ?